ಪೊಳ್ಳು ಮರದ ಒಡೆಯ

ಹಕ್ಕಿಯೆಂದರೆ ತನ್ನ ಗೂಡನ್ನು ತಾನೇ ಕಟ್ಟಿಕೊಳ್ಳುವ ಜೀವಿ ಎಂಬುದು ನಮ್ಮ ಸಾಮಾನ್ಯ ಎಣಿಕೆ. ಈ ಎಣಿಕೆಗೆ ಹೊರತಾದ ಹಕ್ಕಿಯೊಂದು ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿದೆ. ಅದು ದೊಡ್ಡ ಮಂಗಟ್ಟೆ. ಮೂರಡಿಗೂ ಮಿಕ್ಕ ಉದ್ದ. ಬಾಗಿದ ಹಳದಿ ಕೊಕ್ಕು. ಅದರ ಮೇಲೊಂದು ಕಿರೀಟ. ಹಾರುವಾಗ ರೆಕ್ಕೆಗಳಿಂದೇಳುವ ಸದ್ದು ಹಳೆಯ ಉಗಿಬಂಡಿಯ ಉಸಿರನ್ನು ನೆನಪಿಗೆ ತರುತ್ತದೆ.

ಇಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗನಂತೆ ಮರವನ್ನು ಕೊರೆದು ಮನೆ ಮಾಡಿಕೊಳ್ಳುವುದು ಇದರಿಂದಾಗದು. ಕೊಂಬೆ ಮುರಿದ ಗಾಯ ಕೊಳೆತು, ಹೆಮ್ಮರದಲ್ಲಿ ಕಾಲಾನುಕಾಲಕ್ಕೆ ತಾನಾಗಿ ಮೂಡಿದ ಪೊಟರೆಯೇ ಇದಕ್ಕೆ ಆಶ್ರಯ. ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲನ್ನು ಮೆತ್ತಿ, ಕಿರಿದಾದ ಸೀಳೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಂದೋ ಎರಡೋ ಮೊಟ್ಟೆ. ಸುಮಾರು 40 ದಿನಗಳ ಕಾವು. ತಿಂಗಳುಗಟ್ಟಲೆ ನಡೆಯುವ ಈ ಸೆರೆವಾಸದಲ್ಲಿ ಗಂಡು ತಂದುಕೊಡುವ ಆಲ, ಅತ್ತಿ, ಬಸರಿಗಳ ಹಣ್ಣೇ ಮುಖ್ಯ ಆಹಾರ. ಹೊರಗೆ ಗಂಡು ಬೇಟೆಗಾರನಿಗೆ ಬಲಿಯಾದರೆ ಒಳಗಿನ ಸಂಸಾರವೂ ಉಪವಾಸದಿಂದ ಅಳಿಯಬಹುದು.

ಕಾಡಿನ ಈ ಋಣವನ್ನು ಹಕ್ಕಿ ಇಟ್ಟುಕೊಳ್ಳುವುದಿಲ್ಲ. ರಾಮಪತ್ರೆಯ ಜಾತಿಯ ದಪ್ಪ ಬೀಜಗಳನ್ನು ನುಂಗಬಲ್ಲ ಹಕ್ಕಿಗಳು ವಿರಳ. ಮಂಗಟ್ಟೆ ಅವುಗಳನ್ನು ದೂರಕ್ಕೊಯ್ದು ಉಗುಳುತ್ತದೆ; ಅಲ್ಲಿ ನಾಳೆಯ ಮರ ಮೊಳೆಯುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈ ಹಕ್ಕಿಗೆ ಸ್ಥಾನವಿದೆ. 2011ರಲ್ಲಿ ನಮ್ಮ ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆಗಳಿಗೆಂದೇ ಒಂದು ಸಂರಕ್ಷಿತ ಪ್ರದೇಶ ಏರ್ಪಟ್ಟಿತು. ಅರುಣಾಚಲದ ನಿಶಿ ಜನರಲ್ಲಿ ಹಲವರು ತಮ್ಮ ಶಿರೋಭೂಷಣಕ್ಕೆ ನಿಜವಾದ ಕೊಕ್ಕಿನ ಬದಲು ಕೃತಕ ಕೊಕ್ಕನ್ನು ಒಪ್ಪಿಕೊಂಡಿದ್ದಾರೆ. ಪಕ್ಕೆ ಕಾಡಿನ ಅಂಚಿನ ಹಳ್ಳಿಗರು ಗೂಡುಗಳ ಕಾವಲಿಗೂ ನಿಂತಿದ್ದಾರೆ. ಆದರೂ 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ದೊಡ್ಡ ಮಂಗಟ್ಟೆಯನ್ನು ಅಪಾಯಕ್ಕೀಡಾಗಬಲ್ಲ ಜಾತಿಗಳ ಸಾಲಿಗೆ ಸೇರಿಸಬೇಕಾಯಿತು. ಬೇಟೆಯ ಜೊತೆಗೆ ಕಾಡಿನ ನಾಶವೂ ಅದಕ್ಕೆ ಕಾರಣ.

ನನ್ನನ್ನು ಕಾಡುವುದು ನಮ್ಮದೇ ಒಂದು ಮಾತು. ‘ಪೊಳ್ಳು’ ಎಂದರೆ ನಮಗೆ ನಿರುಪಯುಕ್ತ, ಹುರುಳಿಲ್ಲದ್ದು. ದಿಮ್ಮಿಯ ಲೆಕ್ಕ ಹಾಕುವವನಿಗೆ ಪೊಳ್ಳು ಮರ ಬೆಲೆಯಿಲ್ಲದ ಮರ. ಮಂಗಟ್ಟೆಗಾದರೋ ಆ ಪೊಳ್ಳೇ ತುಂಬಿದ ಮನೆ. ಕಡಿದ ಒಂದು ಹೆಮ್ಮರಕ್ಕೆ ಪ್ರತಿಯಾಗಿ ನಾವು ನೂರು ಸಸಿಗಳನ್ನು ನೆಡಬಹುದು; ಅದು ಒಳ್ಳೆಯದೇ. ಆದರೆ ಬರುವ ಬೇಸಗೆಯಲ್ಲಿ ಮೊಟ್ಟೆಯಿಡಲು ಬರುವ ಹಕ್ಕಿಗೆ ಆ ನೂರರಲ್ಲಿ ಒಂದೂ ಮನೆಯಾಗದು. ಹಳೆಯ ಮರವನ್ನು ನಿಂತಲ್ಲೇ ಬಿಡುವುದೊಂದೇ ಉಳಿದ ದಾರಿ.