ಕರ್ಮದ ಉದಯವೂ ಔಷಧದಾನವೂ



ರೋಗಕ್ಕೆ ಸಮಾಜ ಕೊಡುವ ಅರ್ಥದಂತೆ ರೋಗಿಯ ನಡೆ ಬದಲಾಗುತ್ತದೆ. ಸಿಡುಬನ್ನು ‘ಅಮ್ಮ’ನೆಂದು ಕರೆದ ಕನ್ನಡ ನಾಡು ಮನೆಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತು. ಜೈನ ಮನೆಗಳಲ್ಲಿ ದೇಹಬಾಧೆಗೆ ಸಿಗುವ ಉತ್ತರ ಅಸಾತಾವೇದನೀಯ ಕರ್ಮದ ಉದಯ. ಈ ಉತ್ತರ ರೋಗಿಗೆ ಸಮಾಧಾನ ತರಬಲ್ಲದು. ಚಿಕಿತ್ಸೆಯನ್ನು ಮುಂದೂಡಲು ನೆಪವೂ ಆಗಬಲ್ಲದು.

ಜೈನಾಚಾರದಿಂದ ದೇಹಕ್ಕಾದ ಉಪಕಾರ ಅಲ್ಪವಲ್ಲ. ಸೋಸಿ ಕುದಿಸಿದ ನೀರು ಅನೇಕ ಅಂಟುರೋಗಗಳನ್ನು ದೂರವಿಟ್ಟಿದೆ. ಮದ್ಯತ್ಯಾಗ ಸಂಸಾರಗಳನ್ನು ಕಾಪಾಡಿದೆ. ಆದರೆ ಅದೇ ಆಚಾರಕ್ಕೆ ಒಂದು ಕೊರತೆಯೂ ಅಂಟಿಕೊಂಡಿದೆ. ವಿಟಮಿನ್ ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರುಗಳಿಂದಲ್ಲದೆ ಬಹುಮಟ್ಟಿಗೆ ದೊರೆಯದು. ರಸಪರಿತ್ಯಾಗಕ್ಕಾಗಿಯೋ ಅಹಿಂಸೆಗಾಗಿಯೋ ಹಾಲನ್ನೂ ಬಿಟ್ಟವರಿಗೆ ಅಪಾಯ ಹೆಚ್ಚು. ಪಾದಗಳ ಜೋಮು, ಆಯಾಸ, ಮರೆವು ಕಾಣಿಸಿದಾಗ ‘ವಯಸ್ಸಾಯಿತು, ಕರ್ಮ’ ಎಂದು ಸುಮ್ಮನಾಗುವುದು ಸುಲಭ. ಬಹುಕಾಲ ಅಲಕ್ಷಿಸಿದರೆ ನರಗಳಿಗಾದ ಹಾನಿ ಪೂರ್ಣವಾಗಿ ಸರಿಹೋಗದಿರಬಹುದು. ಒಂದು ರಕ್ತಪರೀಕ್ಷೆ ಕೊರತೆಯನ್ನು ತೋರಿಸಬಲ್ಲದು. ಅದಕ್ಕೆ ಕೊಡುವ ವಿಟಮಿನ್ನು ಮಾಂಸದಿಂದ ತೆಗೆದದ್ದಲ್ಲ, ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಾದದ್ದು.

ಉಪವಾಸದ ವಿಷಯ ಇನ್ನೂ ಗಂಭೀರ. 2016ರಲ್ಲಿ ಹೈದರಾಬಾದಿನಲ್ಲಿ 68 ದಿನಗಳ ಉಪವಾಸದ ಬಳಿಕ 13 ವರ್ಷದ ಬಾಲಕಿಯೊಬ್ಬಳು ಮೃತಳಾದಳು. ಮಕ್ಕಳ ತಪಸ್ಸನ್ನು ಮೆರವಣಿಗೆಯಲ್ಲಿ ಕೊಂಡಾಡುವ ರೂಢಿ ಆಗ ದೇಶದ ಮುಂದೆ ಪ್ರಶ್ನೆಯಾಗಿ ನಿಂತಿತು. ಇನ್ಸುಲಿನ್ ಪಡೆಯುವ ಮಧುಮೇಹಿ ವೈದ್ಯರನ್ನು ಕೇಳದೆ ಅಷ್ಟಾಹ್ನಿಕದ ಉಪವಾಸ ಹಿಡಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪಬಹುದು.

ಇಂಥ ಸಾಹಸವನ್ನು ಶಾಸ್ತ್ರ ಕೇಳಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ಬರುವುದು ‘ಶಕ್ತಿತಸ್ತಪ’, ಅಂದರೆ ಶಕ್ತಿಗೆ ತಕ್ಕ ತಪಸ್ಸು. ಅದೇ ಸಾಲಿನಲ್ಲಿ ರೋಗಿಗಳ ಸೇವೆಯಾದ ವೈಯಾವೃತ್ಯವೂ ಇದೆ. ಚತುರ್ವಿಧ ದಾನಗಳಲ್ಲಿ ಔಷಧದಾನ ಒಂದು. ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತವೆಂದು ಕರ್ಮಸಿದ್ಧಾಂತವೇ ಒಪ್ಪುತ್ತದೆ. ಔಷಧವೂ ಅಂಥ ಒಂದು ನಿಮಿತ್ತ. ಪರಂಪರೆಯ ಕಥನದಂತೆ, ಭಸ್ಮಕವ್ಯಾಧಿಗೆ ತುತ್ತಾದ ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ರೋಗ ವಾಸಿಮಾಡಿಕೊಂಡು ಪುನಃ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯವನ್ನೇ ಕಟ್ಟಿಕೊಟ್ಟಿತು. ವ್ರತವನ್ನೂ ಚಿಕಿತ್ಸೆಯನ್ನೂ ಒಟ್ಟಿಗೆ ಉಳಿಸಿಕೊಂಡ ಪರಂಪರೆಯಿದು.

ಹಾಗಾದರೆ ಮುಂಬಯಿ, ಪುಣೆ, ಚೆನ್ನೈಗಳ ಬಸದಿ ಟ್ರಸ್ಟುಗಳು ತಮ್ಮ ಆಯವ್ಯಯ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ. ಪಂಚಕಲ್ಯಾಣ, ಅಭಿಷೇಕ, ಚಾತುರ್ಮಾಸಗಳಿಗೆ ಶೀರ್ಷಿಕೆಗಳಿರುತ್ತವೆ, ಔಷಧದಾನಕ್ಕೆ ಇದೆಯೆ? ದಶಲಕ್ಷಣ ಪರ್ವಕ್ಕೆ ಮುನ್ನ ಬಿ12, ಹಿಮೋಗ್ಲೋಬಿನ್, ಸಕ್ಕರೆಯ ಪರೀಕ್ಷೆಗೆ ಒಂದು ದಿನ ಮೀಸಲಾಗಲಿ. ಅಪ್ರಾಪ್ತವಯಸ್ಕರ ದೀರ್ಘ ಉಪವಾಸಕ್ಕೆ ಸನ್ಮಾನ ನಿಲ್ಲಲಿ. ರೋಗಿಯ ಮನೆಗೆ ಹೋದವರು ಕರ್ಮದ ಮಾತಿಗೆ ಮೊದಲು, ಔಷಧ ಬಂದಿದೆಯೇ, ಆಸ್ಪತ್ರೆಗೆ ಜೊತೆ ಬರಲು ಜನರಿದ್ದಾರೆಯೇ ಎಂದು ವಿಚಾರಿಸಲಿ. ವೈಯಾವೃತ್ಯ ಆರಂಭವಾಗುವುದು ಅಲ್ಲಿಂದಲೇ.