ಗಂಟು ಗಡಿ ದಾಟುವಾಗ

(ಗದಗ ತಾಲ್ಲೂಕಿನ ಹಿರೇಹಂದಿಗೋಳದಲ್ಲಿ ಮಾಡಿದ ಭಾಷಣದ ಬರಹರೂಪ)



ಗದಗಿನಿಂದ ಕೊಪ್ಪಳಕ್ಕೆ ಅರವತ್ತು ಕಿಲೋಮೀಟರಿನ ಒಳಗಿನ ದಾರಿ. ಆದರೂ ಹೈದರಾಬಾದ್ ಸಂಸ್ಥಾನ ಇದ್ದಷ್ಟು ಕಾಲ ನಮಗೆ ಅದು ಬೇರೆ ರಾಜ್ಯ. ಇತ್ತ ಗದಗು ಮುಂಬಯಿ ಪ್ರಾಂತದಲ್ಲಿ, ಅತ್ತ ಕೊಪ್ಪಳ, ಯಲಬುರ್ಗಿ ನಿಜಾಮರ ಆಳ್ವಿಕೆಯಲ್ಲಿ. ಹಿರಿಯರು ಆ ಸೀಮೆಯನ್ನು ‘ಮೊಗಲಾಯಿ’ ಎಂದೇ ಕರೆಯುತ್ತಿದ್ದರು. ಅಲ್ಲಿಗೆ ಸರಕು ಹೋದರೆ ನಾಕಾದಲ್ಲಿ ಸುಂಕ ತೆರಬೇಕು. ಆ ಸುಂಕದ ಇಲಾಖೆಯ ಹೆಸರು ಕರೋಡಗಿರಿ. ದರ ಬಹುಕಾಲ ಬೆಲೆಯ ನೂರಕ್ಕೆ ಐದು. ಅದೇ ಭಾಷೆ, ಅದೇ ಜೋಳ, ಅದೇ ಬೀಗತನ. ನಡುವೆ ಮಾತ್ರ ಒಂದು ನಾಕಾ.

ಇನ್ನೂ ಹಿಂದಕ್ಕೆ ಹೋದರೆ ಈ ಭಾಗದ ಶಾಸನಗಳಲ್ಲೆಲ್ಲ ಸುಂಕದ ಮಾತೇ. ನಮ್ಮ ಪಕ್ಕದ ಲಕ್ಕುಂಡಿ, ಅಂದರೆ ಅಂದಿನ ಲೊಕ್ಕಿಗುಂಡಿ, ಟಂಕಸಾಲೆಯಿದ್ದ ಊರು; ಲೊಕ್ಕಿ ಗದ್ಯಾಣ ದೂರದೂರದ ಪೇಟೆಗಳಲ್ಲಿ ನಡೆಯುತ್ತಿದ್ದ ನಾಣ್ಯ. ಚಾಲುಕ್ಯರ ಕಾಲದಲ್ಲಿ ಸುಂಕದ ಅಧಿಕಾರಿಗೆ ಸುಂಕವೆರ್ಗಡೆ ಎಂದು ಹೆಸರು. ಸುಂಕಗಳಲ್ಲಿ ಹೆಜ್ಜುಂಕವೆಂಬುದು ದೊಡ್ಡ ಸರಕಿನ ಮೇಲಿನದು, ಕಿರುಕುಳವೆಂಬುದು ಸಣ್ಣಪುಟ್ಟ ಸರಕಿನ ಮೇಲಿನದು. ಈ ‘ಕಿರುಕುಳ’ ಎಂಬ ಪದ ಇಂದು ನಮ್ಮ ಬಾಯಲ್ಲಿ ಯಾವ ಅರ್ಥದಲ್ಲಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಸಣ್ಣ ಗಂಟಿನವನಿಗೇ ಸುಂಕದ ಕಾಟ ಹೆಚ್ಚು ತಾಗುತ್ತದೆ ಎಂಬುದು ಒಂಬೈನೂರು ವರ್ಷಗಳಿಂದ ಬದಲಾಗಿಲ್ಲವೇನೋ!

ಇಂದು ನಾನು ಮಾತಾಡಬೇಕೆಂದಿರುವುದೂ ಆ ಸಣ್ಣ ಗಂಟಿನ ಬಗ್ಗೆಯೇ. ಒಬ್ಬರ ಮಗಳು ಡಲ್ಲಾಸ್‌ನಲ್ಲಿ, ಇನ್ನೊಬ್ಬರ ಮಗ ಮೆಲ್ಬರ್ನ್‌ನಲ್ಲಿ, ಮತ್ತೊಬ್ಬರ ಅಳಿಯ ದುಬೈಯಲ್ಲಿ. ಹಬ್ಬ ಬಂತೆಂದರೆ ಮನೆಯಲ್ಲಿ ಗಂಟು ಕಟ್ಟುವ ಸಡಗರ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮಾದಲಿ, ಒಂದು ಇಳಕಲ್ ಸೀರೆ, ಉಡಿಗೆ ಒಂದು ಕೊಬ್ಬರಿ ಬಟ್ಟಲು. ಕಟ್ಟುವವರ ಮನಸ್ಸಿನಲ್ಲಿ ಅದು ತವರಿನ ಬುತ್ತಿ. ಆದರೆ ಅದು ಅಂಚೆ ಕಚೇರಿಯ ಮೇಜಿನ ಮೇಲೆ ಇಟ್ಟ ಗಳಿಗೆಯಿಂದ ‘ಸರಕು’ ಆಗುತ್ತದೆ. ಅದರ ಜೊತೆ ನೀವು ಹೋಗುವುದಿಲ್ಲ. ನಿಮ್ಮ ಪರವಾಗಿ ಮಾತಾಡುವುದು ಒಂದೇ ಒಂದು ಹಾಳೆ, ಸುಂಕದ ಘೋಷಣಾಪತ್ರ.

ಈ ಹಾಳೆಗೆ ನೂರೈವತ್ತು ವರ್ಷಗಳ ಹಿನ್ನೆಲೆಯಿದೆ. 1874ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ವಿಶ್ವ ಅಂಚೆ ಒಕ್ಕೂಟ ಹುಟ್ಟಿತು. 1876ರಲ್ಲಿ ಭಾರತ ಅದರ ಸದಸ್ಯತ್ವ ಪಡೆಯಿತು. ಒಂದು ದೇಶದ ಅಂಚೆಚೀಟಿಯನ್ನು ಇನ್ನೊಂದು ದೇಶ ಮಾನ್ಯ ಮಾಡುವುದು, ಒಂದೇ ಮಾದರಿಯ ಹಾಳೆಯನ್ನು ಎಲ್ಲ ದೇಶಗಳೂ ಓದುವುದು ಈ ಒಕ್ಕೂಟದಿಂದ ಸಾಧ್ಯವಾಯಿತು. ಸಣ್ಣ ಪೊಟ್ಟಣಕ್ಕೆ ಸಿಎನ್ 22, ದೊಡ್ಡದಕ್ಕೆ ಸಿಎನ್ 23 ಎಂಬ ನಮೂನೆಗಳಿವೆ. ಒಳಗೆ ಏನಿದೆ, ಎಷ್ಟು ತೂಕ, ಎಷ್ಟು ಬೆಲೆ, ಉಡುಗೊರೆಯೋ ಮಾರಾಟವೋ, ಇಷ್ಟು ಬರೆಯಬೇಕು. ಈಗ ಈ ವಿವರ ಪಾರ್ಸೆಲ್ ಹೊರಡುವ ಮೊದಲೇ ಕಂಪ್ಯೂಟರಿನ ಮೂಲಕ ಆ ದೇಶಕ್ಕೆ ಮುಟ್ಟಬೇಕು. ಅಂದರೆ ನಿಮ್ಮ ಮಾತು ನಿಮ್ಮ ಗಂಟಿಗಿಂತ ಮುಂಚೆ ತಲುಪುತ್ತದೆ.

ಆದ್ದರಿಂದ ಬರೆಯುವ ಮಾತು ಸರಿಯಾಗಿರಬೇಕು. ನಮ್ಮವರು ಬಹಳ ಸಲ ‘ಮನೆ ಸಾಮಾನು’, ‘ತಿನಿಸು’, ‘ಪುಡಿ’ ಎಂದು ಬರೆಸಿ ಕೈತೊಳೆದುಕೊಳ್ಳುತ್ತಾರೆ. ಡಲ್ಲಾಸ್‌ನ ಅಧಿಕಾರಿಗೆ ಗುರೆಳ್ಳು ಎಂದರೇನು ಗೊತ್ತು? ಅವನ ಎದುರಿಗಿರುವುದು ಒಂದು ಕಪ್ಪು ಪುಡಿ. ‘ಪುಡಿ’ ಎಂಬ ಒಂದೇ ಶಬ್ದ ಕಂಡರೆ ಯಾವ ದೇಶದ ಅಧಿಕಾರಿಗೂ ಅನುಮಾನ ಬರುವುದು ಸಹಜ. ‘ಹುರಿದು ಕುಟ್ಟಿದ ಶೇಂಗಾ, ಒಣಮೆಣಸಿನಕಾಯಿ, ಉಪ್ಪು, ಮನೆಯಲ್ಲಿ ಮಾಡಿದ್ದು, ಅರ್ಧ ಕಿಲೋ’ ಎಂದು ಬರೆದರೆ ಅವನಿಗೂ ಅನುಕೂಲ, ನಿಮಗೂ ಅನುಕೂಲ. ಪದಾರ್ಥದ ಹೆಸರಿಗಿಂತ ಅದರೊಳಗೆ ಏನಿದೆ, ಅದನ್ನು ಬೇಯಿಸಿದೆಯೋ ಹುರಿದಿದೆಯೋ ಹಸಿಯದೋ ಎಂಬುದೇ ಮುಖ್ಯ. ಜಗತ್ತಿನ ಸರಕುಗಳಿಗೆಲ್ಲ ಆರಂಕಿಯ ಸಂಕೇತ ಸಂಖ್ಯೆ ಕೊಡುವ ಪದ್ಧತಿ 1988ರಿಂದ ಜಾರಿಯಲ್ಲಿದೆ. ಅದರಲ್ಲಿ ಐದು ಸಾವಿರಕ್ಕೂ ಹೆಚ್ಚು ಬಗೆಯ ಸರಕುಗಳಿವೆ. ಗುರೆಳ್ಳು ಚಟ್ನಿ ಎಂಬ ಹೆಸರನ್ನು ಅಲ್ಲಿ ಹುಡುಕಬೇಡಿ. ಮನೆಯಲ್ಲಿ ಮಾಡಿ ಉಡುಗೊರೆಯಾಗಿ ಕಳಿಸುವ ಆಹಾರಕ್ಕೆ ಅಮೆರಿಕದಲ್ಲಿ ಆಹಾರ ಇಲಾಖೆಗೆ ಮುಂಚಿತವಾಗಿ ಸೂಚನೆ ಕೊಡುವ ನಿಯಮದಿಂದ ವಿನಾಯಿತಿಯಿದೆ. ಆದರೆ ಅದು ಮನೆಯದು ಎಂದು ಹಾಳೆ ಹೇಳಬೇಕಲ್ಲ?

ಇನ್ನು ಜನ ಹೆಚ್ಚು ಸಿಟ್ಟಾಗುವ ವಿಷಯ. ಇಂಗ್ಲೆಂಡಿನಲ್ಲಿರುವ ಮಗನಿಗೆ ಧಾರವಾಡ ಪೇಢೆ ಕಳಿಸಿದರೆ ಅದನ್ನು ತೆಗೆದು ನಾಶ ಮಾಡಬಹುದು. ಮೊಮ್ಮಗನಿಗೆ ತುಪ್ಪ ಕಳಿಸಿದರೂ ಅದೇ ಗತಿ. ಭಾರತದಂಥ ದೇಶಗಳಿಂದ ಖಾಸಗಿಯಾಗಿ ಬರುವ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಬ್ರಿಟನ್ ಒಳಗೆ ಬಿಡುವುದಿಲ್ಲ, ಐರೋಪ್ಯ ಒಕ್ಕೂಟದ ದೇಶಗಳೂ ಬಿಡುವುದಿಲ್ಲ. ಆಸ್ಟ್ರೇಲಿಯಾ ದೀಪಾವಳಿಯ ಹೊತ್ತಿಗೆ ಹಾಲಿನ ಸಿಹಿ ಕಳಿಸಬೇಡಿರೆಂದು ಪೇಢೆ, ಬರ್ಫಿ, ಗುಲಾಬ್ ಜಾಮೂನುಗಳನ್ನು ಹೆಸರಿಸಿಯೇ ಹೇಳಿದೆ. ತಾಯಿ ಮಾಡಿದ ಸಿಹಿಯನ್ನು ಕಸದ ಬುಟ್ಟಿಗೆ ಎಸೆಯುತ್ತಾರೆಂದರೆ ಯಾರಿಗೆ ನೋವಾಗುವುದಿಲ್ಲ?

ಆದರೆ ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಒಕ್ಕಲುತನದವರು. ಕಾಲುಬಾಯಿ ಬೇನೆ ಎಂದರೆ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಎತ್ತಿನ ಬಾಯಿಂದ ಜೊಲ್ಲು ಸುರಿಯುವುದು, ಗೊರಸಿನ ಸಂದಿಯಲ್ಲಿ ಹುಣ್ಣಾಗುವುದು, ಹಂಗಾಮಿನಲ್ಲಿ ಗಳೆ ನಿಲ್ಲುವುದು, ಎಮ್ಮೆ ಹಾಲು ಬತ್ತಿಸುವುದು ಎಲ್ಲವನ್ನೂ ಕಂಡವರು ನೀವು. ನಮ್ಮಲ್ಲಿ ಅದು ಬಂದು ಹೋಗುವ ಬೇನೆ. ಬ್ರಿಟನ್ನಿನಲ್ಲಿ ಇಲ್ಲದ ಬೇನೆ 2001ರಲ್ಲಿ ಒಮ್ಮೆ ನುಗ್ಗಿತು. ಕಳ್ಳದಾರಿಯಲ್ಲಿ ಬಂದ ಮಾಂಸದ ಎಂಜಲನ್ನು ಒಂದು ಹಂದಿ ಸಾಕಣೆಯಲ್ಲಿ ಸರಿಯಾಗಿ ಕುದಿಸದೆ ಹಾಕಿದ್ದೇ ಮೂಲವಿರಬೇಕೆಂದು ತನಿಖೆ ಮಾಡಿದವರು ಹೇಳಿದರು. ಅದನ್ನು ತಡೆಯಲು ಅವರು ಕೊಂದ ದನ, ಕುರಿ, ಹಂದಿಗಳ ಸಂಖ್ಯೆ 60 ಲಕ್ಷಕ್ಕೂ ಹೆಚ್ಚು. ಹಳ್ಳಿಹಳ್ಳಿಗಳಲ್ಲಿ ಹೆಣಗಳ ರಾಶಿ ಹಾಕಿ ಸುಟ್ಟರು. ಆ ವೈರಾಣು ಹಾಲಿನಲ್ಲಿಯೂ ಇರಬಲ್ಲದು. ಪೇಢೆಯನ್ನು ಎಷ್ಟು ಹುರಿದಿದ್ದೀರಿ ಎಂದು ಅಧಿಕಾರಿ ಬಂದು ನೋಡಲಾರ. ಆದ್ದರಿಂದ ಒಟ್ಟಾಗಿ ತಡೆಯುತ್ತಾನೆ. ಈ ನಿಯಮ ಅತಿಯಾಯಿತೇ? ಪೇಢೆಯ ಮಟ್ಟಿಗೆ ಅತಿಯೆಂದೇ ನನ್ನ ಅನಿಸಿಕೆ. ಆದರೆ ಅದರ ಹಿಂದಿನ ಭಯ ಸುಳ್ಳಲ್ಲ.

ನಮಗೂ ಆ ಭಯದ ಅನುಭವವಿದೆ. ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ ನಿಂತಿರುವ ಕಾಂಗ್ರೆಸ್ ಕಸವನ್ನು ನೋಡಿ. ಅದರ ತವರು ಅಮೆರಿಕ ಖಂಡ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು; ಹೊರಗಿನಿಂದ ತಂದ ಧಾನ್ಯದ ಜೊತೆ ಅದರ ಬೀಜ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೈ ತುರಿಕೆ, ಉಬ್ಬಸ, ಕಳೆ ಕೀಳುವ ಕೂಲಿ, ಎಲ್ಲವೂ ಆ ಸಣ್ಣ ಬೀಜದ ಲೆಕ್ಕಕ್ಕೆ. ಅಂದು ಬಂದರಿನಲ್ಲಿ ಯಾರಾದರೂ ಒಂದು ಚೀಲ ತಡೆದಿದ್ದರೆ ನಾವು ಅವರಿಗೆ ಕೈಮುಗಿಯುತ್ತಿರಲಿಲ್ಲವೆ?

ಇದಕ್ಕೆ ಪ್ರತಿಯಾಗಿ ನಮ್ಮ ಕಡೆಯಿಂದ ಹೋಗಬಹುದಾದದ್ದು ಖಾಪ್ರಾ ದುಂಬಿ. ಭಾರತ ಉಪಖಂಡವೇ ಅದರ ತವರು. ಕಾಳಿನ ಚೀಲದಲ್ಲಿ ಅದರ ಹುಳು ಆಹಾರವಿಲ್ಲದೆಯೂ ವರ್ಷಗಟ್ಟಲೆ ಬದುಕಬಲ್ಲದು. ಇದರ ಕಾರಣದಿಂದಲೇ 2011ರಲ್ಲಿ ಅಮೆರಿಕವು ಭಾರತದಂಥ ದೇಶಗಳಿಂದ ಪ್ರಯಾಣಿಕರು ಸ್ವಂತಕ್ಕೆ ಅಕ್ಕಿ ತರುವುದನ್ನು ನಿಷೇಧಿಸಿತು. ಆಸ್ಟ್ರೇಲಿಯಾ 2020ರಿಂದ ಬಿಗಿಮಾಡಿದ ಪಟ್ಟಿಯಲ್ಲಿ ಅಕ್ಕಿಯ ಜೊತೆಗೆ ಕಡಲೆ, ಹೆಸರು, ಗೋದಿ, ಜೀರಿಗೆ, ಕೊತ್ತಂಬರಿ ಬೀಜ, ಶೇಂಗಾ, ಒಣಮೆಣಸಿನಕಾಯಿ ಇವೆ. ನಮ್ಮ ಅಡುಗೆಮನೆಯ ಡಬ್ಬಿಗಳನ್ನು ಎಣಿಸಿದಂತಿದೆ! ಬ್ಯಾಡಗಿ ಮೆಣಸಿನಕಾಯಿಯನ್ನು ಇಡಿಯಾಗಿ ಅಂಚೆಯಲ್ಲಿ ಕಳಿಸಿದರೆ ಅಲ್ಲಿ ಮುಟ್ಟುವ ಭರವಸೆಯಿಲ್ಲ. ಹಸಿ ಕರಿಬೇವಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ತಗುಲಿಸುವ ಜಿಗಿಹೇನು ಆ ಗಿಡದ ಮೇಲೂ ಬೆಳೆಯುತ್ತದೆ. ಹುರಿದದ್ದು, ಬೇಯಿಸಿದ್ದು ಮೇಲು. ಮೊಳೆಯಬಲ್ಲದ್ದು, ಹಸಿಯದು ಕೂಡದು ಎಂಬ ಲೆಕ್ಕ ಇಟ್ಟುಕೊಂಡರೆ ಮುಕ್ಕಾಲು ತೊಂದರೆ ತಪ್ಪೀತು. ಆ ಲೆಕ್ಕದಲ್ಲಿ ನಮ್ಮ ಖಡಕ್ ರೊಟ್ಟಿ ಒಳ್ಳೆಯ ಪ್ರಯಾಣಿಕ.

ಮಾದಲಿಯ ವಿಷಯ ಬೇರೆ. ಅದರಲ್ಲಿ ಗಸಗಸೆ ಬೀಳುತ್ತದೆ. ಅಫೀಮಿನ ಗಿಡದ್ದೇ ಬೀಜವಾದ ಗಸಗಸೆ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಿಷಿದ್ಧ, ಸಿಂಗಪುರದಲ್ಲಿಯೂ ನಿಷಿದ್ಧ. ದುಬೈಯಲ್ಲಿ ಇದು ಪಾರ್ಸೆಲ್ ಕಳೆದುಕೊಳ್ಳುವ ಪ್ರಶ್ನೆಯಷ್ಟೇ ಅಲ್ಲ, ತೆಗೆದುಕೊಳ್ಳಲು ಹೋದ ಹುಡುಗ ಪೊಲೀಸರಿಗೆ ಉತ್ತರ ಹೇಳಬೇಕಾದ ಪ್ರಶ್ನೆ. ಕೊಲ್ಲಿ ದೇಶಗಳಿಗೆ ಕಳಿಸುವ ಮಾದಲಿಗೆ, ಹೋಳಿಗೆಗೆ, ಮಸಾಲೆಗೆ ಗಸಗಸೆಯನ್ನು ಹಾಕಲೇಬೇಡಿ. ಹಾಗೆಯೇ ಕೆಲವು ನೋವಿನ ಗುಳಿಗೆ, ಕೆಮ್ಮಿನ ಔಷಧಗಳು ಇಲ್ಲಿ ಸಾಮಾನ್ಯವಾಗಿದ್ದರೂ ಅಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಒಂದು ಗುಳಿಗೆಯನ್ನೂ ಗಂಟಿನಲ್ಲಿ ಸೇರಿಸಬಾರದು.

ಆ ದೇಶದ ನಿಯಮ ಮುಗಿಯಿತೆಂದರೆ ವಿಮಾನದ ನಿಯಮ. ಕರ್ಪೂರ ಹೊತ್ತಿಕೊಳ್ಳುವ ವಸ್ತು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅದು ತಾನಾಗಿ ಕಾಯುವ ಸರಕೆಂದು ಅಂತರರಾಷ್ಟ್ರೀಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಹೀಗಾಗಿ ಉಡಿಯ ಕೊಬ್ಬರಿ ಬಟ್ಟಲು ಇಲ್ಲೇ ಉಳಿಯಬೇಕು. ಅತ್ತರು, ಬಿಡಿ ಬ್ಯಾಟರಿಗಳಿಗೂ ಇದೇ ಮಾತು.

ನಮ್ಮದೇ ದೇಶದ ಕಾನೂನನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಹೊರಗೆ ಕಳಿಸುವುದಕ್ಕೆ ನಮ್ಮವರ ಅಡ್ಡಿ ಏನಿದ್ದೀತು ಎಂಬ ಭಾವನೆ. ನವಿಲುಗರಿಯನ್ನು, ಅದರಿಂದ ಮಾಡಿದ ವಸ್ತುವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಗಂಧದ ಕಟ್ಟಿಗೆಗೂ ನಿರ್ಬಂಧವಿದೆ. ಇದಕ್ಕಿಂತ ಹೆಚ್ಚಾಗಿ ನಮ್ಮ ಸೀಮೆಯವರು ತಿಳಿದಿರಬೇಕಾದದ್ದು 1972ರ ಪ್ರಾಚ್ಯವಸ್ತು ಕಾಯಿದೆ. ನೂರು ವರ್ಷ ದಾಟಿದ ನಾಣ್ಯ, ಮೂರ್ತಿ, ಕೆತ್ತನೆಯ ವಸ್ತು, ಎಪ್ಪತ್ತೈದು ವರ್ಷ ದಾಟಿದ ಮೌಲ್ಯಯುತ ಹಸ್ತಪ್ರತಿ ಇವೆಲ್ಲ ಪ್ರಾಚ್ಯವಸ್ತುಗಳು. ಖಾಸಗಿಯವರು ಇವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆ. ಈ ಕಡೆಯ ಎಷ್ಟು ಮನೆಗಳ ಜಂತಿಯ ಸಂದಿಯಲ್ಲಿ ತಾಳೆಗರಿಯ ಕಟ್ಟುಗಳಿಲ್ಲ! ಅಜ್ಜನ ಜ್ಞಾಪಕಕ್ಕೆಂದು ಅದರಲ್ಲಿ ಒಂದನ್ನು, ಅಥವಾ ರಾಣಿಯ ಮುಖವಿರುವ ಒಂದು ಹಳೆಯ ರೂಪಾಯಿಯನ್ನು ಸೀರೆಯ ಮಡಿಕೆಯಲ್ಲಿ ಇಟ್ಟು ಕಳಿಸುವುದು ಪ್ರೀತಿಯಿಂದ ಮಾಡಿದರೂ ಅಪರಾಧವೇ. ವಸ್ತು ಹಳೆಯದಂತೆ ಕಂಡರೂ ಪ್ರಾಚ್ಯವಲ್ಲವೆಂದು ಪುರಾತತ್ತ್ವ ಇಲಾಖೆಯವರಿಂದ ಪ್ರಮಾಣಪತ್ರ ಪಡೆಯಬಹುದು.

ಒಡವೆಯ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರು ಮೈಮೇಲೆ ಬೆಲೆಬಾಳುವ ಬಂಗಾರ ಹಾಕಿಕೊಂಡಿದ್ದರೆ, ಹೋಗುವಾಗಲೇ ವಿಮಾನ ನಿಲ್ದಾಣದ ಸುಂಕದವರಿಂದ ಅದರ ವಿವರದ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮರಳಿ ಬರುವಾಗ, ಇದು ನಾನು ಒಯ್ದದ್ದೇ ಎಂದು ತೋರಿಸುವುದು ಕಷ್ಟ.

ಬೆಲೆಯ ವಿಷಯಕ್ಕೆ ಬರೋಣ. ‘ಉಡುಗೊರೆ’ ಎಂದು ಬರೆದರೆ ಸುಂಕವಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಪ್ರತಿ ದೇಶಕ್ಕೂ ಒಂದು ಮಿತಿಯಿದೆ: ಅಮೆರಿಕಕ್ಕೆ 100 ಡಾಲರ್, ಐರೋಪ್ಯ ಒಕ್ಕೂಟಕ್ಕೆ 45 ಯೂರೋ, ಬ್ರಿಟನ್ನಿಗೆ 39 ಪೌಂಡ್, ಕೆನಡಾಕ್ಕೆ ಅಲ್ಲಿನ 60 ಡಾಲರ್. ಒಂದು ಒಳ್ಳೆಯ ರೇಷ್ಮೆ ಸೀರೆ ಇಟ್ಟರೆ ಈ ಮಿತಿ ದಾಟುತ್ತದೆ. ಹಾಗೆಂದು ಬೆಲೆ ಸೊನ್ನೆ ಎಂದು ಬರೆಸಬಾರದು. ಆಗ ಅಲ್ಲಿನವರು ತಮಗೆ ತೋಚಿದ ಬೆಲೆ ಕಟ್ಟುತ್ತಾರೆ.

ಅಮೆರಿಕದಲ್ಲಿ 2016ರಿಂದ 800 ಡಾಲರ್ ಒಳಗಿನ ಪೊಟ್ಟಣಗಳಿಗೆ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಆ ರಿಯಾಯಿತಿಯನ್ನು ಎಲ್ಲ ದೇಶಗಳಿಗೂ ನಿಲ್ಲಿಸಿದರು. ಸುಂಕವನ್ನು ಯಾರು ವಸೂಲಿ ಮಾಡಿ ಹೇಗೆ ಮುಟ್ಟಿಸಬೇಕೆಂಬುದು ಸ್ಪಷ್ಟವಾಗದೆ ವಿಮಾನ ಕಂಪನಿಗಳು ಅಂಚೆಯ ಸರಕು ಒಯ್ಯಲು ಒಪ್ಪಲಿಲ್ಲ. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಪತ್ರಗಳಿಗೂ 100 ಡಾಲರ್ ಒಳಗಿನ ಉಡುಗೊರೆಗಳಿಗೂ ಮೊದಲು ಕೊಟ್ಟಿದ್ದ ಅವಕಾಶ ತಿಂಗಳ ಕೊನೆಗೆ ಹೋಯಿತು. ಆ ವರ್ಷದ ದಸರೆಯ ಬುತ್ತಿ ಅಂಚೆಯಲ್ಲಿ ಹೋಗಲೇ ಇಲ್ಲ. ಅಕ್ಟೋಬರ್ 15ರಂದು, ದೀಪಾವಳಿಗೆ ಕೆಲವೇ ದಿನ ಮೊದಲು, ಸೇವೆ ಮತ್ತೆ ಆರಂಭವಾಯಿತು. ಬದಲಾದದ್ದೇನೆಂದರೆ, ಅಮೆರಿಕದ ಸುಂಕವನ್ನು ಕಳಿಸುವವರೇ ಇಲ್ಲಿನ ಅಂಚೆ ಕಚೇರಿಯಲ್ಲಿ ಮುಂಗಡವಾಗಿ ಕಟ್ಟುವ ಪದ್ಧತಿ ಬಂತು. ಆಮೇಲೆಯೂ ಅಲ್ಲಿನ ದರಗಳು ಏರಿಳಿಯುತ್ತ ಬಂದಿವೆ. ಆದ್ದರಿಂದ ಹಿಂದಿನ ಸಲದ ಲೆಕ್ಕ ಹಿಡಿದು ಹೋಗಬೇಡಿ, ಕೇಳಿಯೇ ಕಟ್ಟಿ.

ನಮ್ಮ ಸರಕಾರವೂ ಕಡಿಮೆಯೇನಲ್ಲ. 2019ರ ಡಿಸೆಂಬರಿನಿಂದ ಹೊರದೇಶದಿಂದ ಅಂಚೆ, ಕೊರಿಯರ್ ಮೂಲಕ ಉಡುಗೊರೆ ಎಂಬ ಹೆಸರಿನಲ್ಲಿ ಸುಂಕವಿಲ್ಲದೆ ಸರಕು ತರಿಸುವುದನ್ನು ತಡೆದಿದೆ. ಜೀವರಕ್ಷಕ ಔಷಧಕ್ಕೂ ರಾಖಿಗೂ ಮಾತ್ರ ವಿನಾಯಿತಿ. ಅದೂ ರಾಖಿಯ ದಾರಕ್ಕೆ. ಜೊತೆಗೆ ತಂಗಿ ಇಟ್ಟ ಚಾಕಲೇಟಿಗಲ್ಲ.

ಮಾರಾಟಕ್ಕೆ ಕಳಿಸುವವರ ದಾರಿ ಬೇರೆಯೇ. ಮನೆಯ ಚಟ್ನಿಯನ್ನು ಹೊರದೇಶದ ನಾಲ್ಕು ಕನ್ನಡ ಕುಟುಂಬಗಳಿಗೆ ಹಣ ಪಡೆದು ಕಳಿಸಿದರೆ ಅದು ಉಡುಗೊರೆಯಲ್ಲ, ರಫ್ತು. ಅದಕ್ಕೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ಆಹಾರ ಪರವಾನಗಿ ಬೇಕು. ಬೆಟಗೇರಿಯ ನೇಕಾರರಂಥವರಿಗಾಗಿಯೇ 2022ರಿಂದ ಅಂಚೆ ಕಚೇರಿಗಳಲ್ಲಿ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳನ್ನು ತೆರೆದಿದ್ದಾರೆ. ಸುಂಕದ ಕಾಗದಪತ್ರಗಳನ್ನು ಅಲ್ಲಿಯೇ ತುಂಬಿ ಕಳಿಸಬಹುದು.

ಕೊನೆಯದಾಗಿ, ಆ ಹಾಳೆಯಲ್ಲಿ ಬಹುಮಂದಿ ಖಾಲಿ ಬಿಡುವ ಒಂದು ಚೌಕವಿದೆ. ಪಾರ್ಸೆಲ್ ಮುಟ್ಟದೆ ಹೋದರೆ ಏನು ಮಾಡಬೇಕು ಎಂದು ಅಲ್ಲಿ ಕೇಳಿರುತ್ತಾರೆ: ಹಿಂದಕ್ಕೆ ಕಳಿಸಬೇಕೋ, ಬಿಟ್ಟುಕೊಟ್ಟಂತೆ ತಿಳಿಯಬೇಕೋ? ರೊಟ್ಟಿ, ಚಟ್ನಿಯಾದರೆ ಬಿಟ್ಟುಕೊಡುವುದು ಮೇಲು. ಹಿಂದೆ ತರಿಸುವ ಖರ್ಚು ರೊಟ್ಟಿಯ ಬೆಲೆಗಿಂತ ಹೆಚ್ಚಾದೀತು. ಅದರಲ್ಲಿ ಮದುವೆಯ ಸೀರೆಯೋ ಫೋಟೋ ಆಲ್ಬಮ್ಮೋ ಇದ್ದರೆ ‘ಹಿಂದಕ್ಕೆ ಕಳಿಸಿ’ ಎಂಬಲ್ಲಿ ಗುರುತು ಹಾಕಿ, ನಿಮ್ಮ ವಿಳಾಸವನ್ನು ಪಿನ್‌ಕೋಡ್ ಸಹಿತ ಬಿಡಿಸಿ ಬರೆಯಿರಿ. ಸಾಧ್ಯವಾದರೆ ಸೀರೆಯನ್ನೂ ರೊಟ್ಟಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ.