ನಿಲ್ಲದ ಫ್ಯಾನು



ನಾನು ಹಾಲಹರವಿಯವನು. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಮೆಟ್ರಿಕ್ ಮಾತ್ರ. ಇಂಥವನು ಲ್ಯಾಪ್‌ಟಾಪ್ ವಿಷಯ ಏನು ಹೇಳಿಯಾನು ಎಂದು ನೀವು ನಗಬಹುದು. ನಗಿರಿ, ಆದರೆ ಕೇಳಿರಿ. ಈಗ ನಮ್ಮ ಹಳ್ಳಿಗಳಲ್ಲಿಯೂ ಓದುವ ಮಕ್ಕಳಿರುವ ಅನೇಕ ಮನೆಗಳಿಗೆ ಈ ಯಂತ್ರ ಬಂದಿದೆ. ಅದು ಕೆಟ್ಟಾಗ ಮಗುವಿನ ಓದು ನಿಲ್ಲುತ್ತದೆ, ಮನೆಯ ಗಂಟು ಕರಗುತ್ತದೆ.

ನನ್ನ ಮೊಮ್ಮಗಳು ಇ.ಎ.ಪಿ.ಸೆಟ್ ಪರೀಕ್ಷೆಗೆ ಕಟ್ಟಿದ್ದಳು. ನಾವು ಇನ್ನೂ ಎಂಸೆಟ್ ಎಂದೇ ಕರೆಯುವ ಪರೀಕ್ಷೆ ಅದು. ಕಂಪ್ಯೂಟರ್ ಮುಂದೆ ಕುಳಿತೇ ಬರೆಯಬೇಕು. ಅಭ್ಯಾಸಕ್ಕೆಂದು ನನ್ನ ಪಿಂಚಣಿ ಹಣದಲ್ಲಿ ಲ್ಯಾಪ್‌ಟಾಪ್ ಕೊಡಿಸಿದ್ದೆ. ಏಪ್ರಿಲ್ ತಿಂಗಳಲ್ಲಿ ಅದರ ಒಳಗಿನ ಫ್ಯಾನು ಹಗಲೂ ರಾತ್ರಿ ಭರ್ರೆಂದು ತಿರುಗತೊಡಗಿತು. ಬರಬರುತ್ತ ಯಂತ್ರವೂ ನಿಧಾನವಾಯಿತು. ಪಟ್ಟಣದ ಒಂದು ಅಂಗಡಿಗೆ ಒಯ್ದೆವು. ಅವರು ಮುಚ್ಚಳವನ್ನೂ ಬಿಚ್ಚದೆ, "ಬೋರ್ಡು ಹೋಗಿದೆ, ಎಂಟು ಸಾವಿರ ಆಗುತ್ತದೆ, ಹದಿನೈದು ದಿನ ಬಿಟ್ಟು ಬನ್ನಿ" ಎಂದರು. ಪರೀಕ್ಷೆಗೆ ಉಳಿದದ್ದು ಮೂರೇ ವಾರ. "ತಾತಾ, ಹದಿನೈದು ದಿನ ಬಿಟ್ಟರೆ ನಾನು ಓದೋದು ಯಾವಾಗ?" ಎಂದು ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆವು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಕ್ಯಾಷಿಯರನ ಮೇಲೆ ಗುಮಾನಿ ಪಡುತ್ತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ಆ ಮೊತ್ತ ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ, ಯಾರೋ 54 ಬರೆಯುವಲ್ಲಿ 45 ಬರೆದಿರಬಹುದು ಎಂದು ಊಹಿಸುತ್ತಿದ್ದೆವು. ತಪ್ಪು ತನ್ನ ಗುರುತನ್ನು ತಾನೇ ಬಿಟ್ಟುಹೋಗಿರುತ್ತದೆ. ಫ್ಯಾನಿನ ವಿಷಯದಲ್ಲಿಯೂ ಹಾಗೆಯೇ.

ಮೊದಲು ಯಂತ್ರದ ಒಳಗೆ ಏನು ನಡೆಯುತ್ತದೆ ಎಂದು ತಿಳಿಯೋಣ. ಲೆಕ್ಕ ಮಾಡುವ ಚಿಪ್ಪಿಗೆ ಪ್ರೊಸೆಸರ್ ಎನ್ನುತ್ತಾರೆ. ಅದು ದುಡಿದಷ್ಟೂ ಬಿಸಿಯಾಗುತ್ತದೆ. ಆ ಬಿಸಿಯನ್ನು ಒಂದು ಚಪ್ಪಟೆ ತಾಮ್ರದ ಕೊಳವೆ ಅಂಚಿಗೆ ಒಯ್ಯುತ್ತದೆ. ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾದ ಲೋಹದ ಪಟ್ಟಿಗಳಿವೆ. ಫ್ಯಾನು ಸಾಮಾನ್ಯವಾಗಿ ಕೆಳಗಿನಿಂದ ಗಾಳಿ ಎಳೆದು, ಆ ಹಲ್ಲುಗಳ ಸಂದಿಯಲ್ಲಿ ಹಾಯಿಸಿ ಹೊರಗೆ ತಳ್ಳುತ್ತದೆ. ಬಿಸಿ ಎಷ್ಟಿದೆ ಎಂದು ಅಳೆಯುವ ಸೆನ್ಸರ್ ಹೇಳಿದಂತೆ ಫ್ಯಾನಿನ ವೇಗ ಏರುತ್ತದೆ, ಇಳಿಯುತ್ತದೆ. ಬಿಸಿ ನೂರು ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಬಂದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಕೆಲಸವನ್ನೇ ನಿಧಾನ ಮಾಡುತ್ತದೆ. ನಮ್ಮ ಯಂತ್ರ ಕುಂಟುತ್ತಿದ್ದುದು ಇದಕ್ಕೇ.

ಇನ್ನು ಪರೀಕ್ಷೆ. ಗಾಳಿ ಹೊರಬರುವ ಕಿಂಡಿಯ ಮುಂದೆ ಅಂಗೈ ಹಿಡಿಯಿರಿ. ಗಾಳಿ ಜೋರಾಗಿ, ಬಿಸಿಯಾಗಿ ಬರುತ್ತಿದ್ದರೆ ಫ್ಯಾನು ಸರಿಯಾಗಿದೆ, ಒಳಗೆ ಕೆಲಸ ಹೆಚ್ಚಾಗಿದೆ ಎಂದರ್ಥ. ಫ್ಯಾನು ಕೂಗುತ್ತಿದ್ದು, ಮೈ ಸುಡುತ್ತಿದ್ದು, ಗಾಳಿ ಮಾತ್ರ ಕ್ಷೀಣವಾಗಿದ್ದರೆ ದಾರಿ ಕಟ್ಟಿಕೊಂಡಿದೆ. ಮೈಯೂ ತಣ್ಣಗೆ, ಗಾಳಿಯೂ ತಣ್ಣಗೆ, ಆದರೂ ಫ್ಯಾನು ಪೂರ್ಣ ವೇಗದಲ್ಲಿ ಓಡುತ್ತಿದ್ದರೆ ಸೆನ್ಸರಿನಲ್ಲೋ ಫ್ಯಾನನ್ನು ಆಳುವ ವ್ಯವಸ್ಥೆಯಲ್ಲೋ ತೊಂದರೆ ಇರಬಹುದು.

ಮೊದಲನೆಯದಾದರೆ ಕಾಸು ಖರ್ಚಿಲ್ಲ. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿ.ಪಿ.ಯು. ಎಂಬ ಕಂಬಸಾಲಿನ ತಲೆಯ ಮೇಲೆ ಒತ್ತಿರಿ. ಯಾವುದು ಹೆಚ್ಚು ದುಡಿಸುತ್ತಿದೆಯೋ ಅದು ಮೇಲೆ ಬರುತ್ತದೆ. ವಿಂಡೋಸ್ ತನ್ನ ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದರೆ ಮುಗಿಯುವವರೆಗೆ ಬಿಡಿ. ನಮ್ಮ ಹುಡುಗಿ ಬ್ರೌಸರಿನಲ್ಲಿ ನಲವತ್ತು ಪುಟ ತೆರೆದಿಟ್ಟಿದ್ದಳು. ಮುಚ್ಚಿಸಿದ ಮೇಲೆ ಸದ್ದು ಸ್ವಲ್ಪ ತಗ್ಗಿತು, ಆದರೆ ನಿಲ್ಲಲಿಲ್ಲ.

ಮೂರನೆಯದಾದರೆ ಯಂತ್ರವನ್ನು ಪೂರ್ಣ ಆರಿಸಿ, ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಹಚ್ಚಿ ನೋಡಿರಿ. ಇದರಿಂದಲೇ ಎಷ್ಟೋ ಯಂತ್ರಗಳು ದಾರಿಗೆ ಬರುತ್ತವೆ. ಬಾರದಿದ್ದರೆ ಕಂಪನಿಯವರು ಆ ಮಾದರಿಗೆ ಕೊಡುವ ಬಯಾಸ್ ಅಪ್‌ಡೇಟನ್ನು ತಿಳಿದವರಿಂದ ಹಾಕಿಸಬೇಕು.

ನಮ್ಮದು ಎರಡನೆಯದು. ಕೈಗೆ ಗಾಳಿಯೇ ತಾಕುತ್ತಿರಲಿಲ್ಲ. ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಆಯಿತಲ್ಲ ಎಂದು ಹೊರಟೆ. ನಮ್ಮೂರಲ್ಲಿ ಸೆಲ್‌ಫೋನ್ ರಿಪೇರಿ ಮಾಡುವ ಹುಡುಗ ಎದುರಾಗಿ, "ವದ್ದು ತಾತಾ!" ಎಂದು ತಡೆದ. ಆ ಗಾಳಿಯಲ್ಲಿ ನೀರಿನ ಹನಿ, ಎಣ್ಣೆ ಇರುತ್ತವಂತೆ. ಆ ರಭಸಕ್ಕೆ ಫ್ಯಾನು ಅಳತೆ ಮೀರಿ ತಿರುಗಿ ಅದರ ಬೇರಿಂಗೇ ಹೋಗಬಹುದಂತೆ.

ಅವನೇ ಬಿಚ್ಚಿದ. ಬ್ಯಾಟರಿಯ ತಂತಿ ಕಳಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಕುಂಚದಿಂದ ತೆಗೆದ. ಫ್ಯಾನಿಗೂ ಆ ಲೋಹದ ಹಲ್ಲುಗಳಿಗೂ ನಡುವೆ ಕಂಬಳಿಯ ತುಂಡಿನಂಥ ಒಂದು ಪದರ ಕೂತಿತ್ತು. ಎರೆ ಹೊಲದ ಧೂಳು, ಹತ್ತಿಯ ಎಳೆ, ಜೊತೆಗೆ ಕೌದಿಯ ನೂಲು. ಹತ್ತಿ ಬೆಳೆಯುವ ಸೀಮೆ ನಮ್ಮದು. ತೆಲುಗಿನಲ್ಲಿ ದುಮ್ಮು ಎನ್ನಿ, ಕನ್ನಡದಲ್ಲಿ ಧೂಳು ಎನ್ನಿ, ಯಂತ್ರಕ್ಕೆ ಎರಡೂ ಒಂದೇ. ಕೌದಿಯ ನೂಲು ಎಲ್ಲಿಂದ ಬಂತು? ಹುಡುಗಿ ರಾತ್ರಿ ಹಾಸಿಗೆಯ ಮೇಲೆ ಕೌದಿ ಹೊದ್ದು, ಅದರ ಮೇಲೆಯೇ ಯಂತ್ರ ಇಟ್ಟುಕೊಂಡು ಓದುತ್ತಿದ್ದಳು. ಕೆಳಗಿನ ಕಿಂಡಿ ಮುಚ್ಚಿ, ಉಸಿರು ಕಟ್ಟಿದ ಹಾಗಾಗಿತ್ತು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಎಂಬ ಲೇಪವೂ ಒಣಗಿತ್ತು. ಹಳೆಯದನ್ನು ಒರೆಸಿ ಹೊಸದು ಹಚ್ಚಿದ. ಒಟ್ಟು ಖರ್ಚು ಮುನ್ನೂರೈವತ್ತು ರೂಪಾಯಿ, ಒಂದು ಸಂಜೆ. ಮರುದಿನ ಬೆಳಗ್ಗೆ ಯಂತ್ರ ಸದ್ದಿಲ್ಲದೆ ಕೆಲಸ ಮಾಡಿತು. ಮೇ ತಿಂಗಳಲ್ಲಿ ಹುಡುಗಿ ಪರೀಕ್ಷೆ ಬರೆದು ಬಂದಳು.

ಆದರೂ ಮಧ್ಯಾಹ್ನದ ಹೊತ್ತು ಫ್ಯಾನು ಮತ್ತೆ ಓಡುತ್ತಿತ್ತು. ನನಗೆ ಗಾಬರಿಯಾಯಿತು. ಹುಡುಗ ನಕ್ಕು ಹೇಳಿದ: "ತಾತಾ, ಹೊರಗೆ ನಲವತ್ತೆರಡು ಡಿಗ್ರಿ ಇದೆ. ಕೋಣೆಯ ಗಾಳಿಗಿಂತ ತಣ್ಣಗೆ ಮಾಡೋಕೆ ಫ್ಯಾನಿಗೆ ಆಗುತ್ತಾ?" ನಿಜವೇ. ಬೇಸಿಗೆಯಲ್ಲಿ ಅದು ಹೆಚ್ಚು ಓಡುವುದು ಸಹಜ. ತಗಡಿನ ಮನೆಯವರು ಭಾರದ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿರಿ. ಯಂತ್ರವನ್ನು ಹಲಗೆಯ ಮೇಲಿಡಿ, ಹಿಂಬದಿಗೆ ಒಂದು ತೆಳು ಪುಸ್ತಕದಷ್ಟು ಎತ್ತರ ಕೊಡಿ, ಕಿಂಡಿ ಮಾತ್ರ ಮುಚ್ಚಬಾರದು. ಕಡಲೆ, ಜೋಳ ಒಕ್ಕುವ ದಿನಗಳಲ್ಲಿ ಕೆಲಸ ಮುಗಿದ ಕೂಡಲೇ ಮುಚ್ಚಿ ಚೀಲದಲ್ಲಿಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿ ಮಾಡಿಸಿರಿ.

ಎರಡು ಎಚ್ಚರಿಕೆ. ತಳ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿರಬಹುದು. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕದೆ ತಿಳಿದವರಿಗೆ ತೋರಿಸಿರಿ. ಎರಡನೆಯದು, ಸದ್ದು ಮಾಡುವ ಫ್ಯಾನಿಗಿಂತ ನಿಂತ ಫ್ಯಾನು ಅಪಾಯ. ಯಂತ್ರ ಸುಡುತ್ತಿದ್ದೂ ಫ್ಯಾನು ತಿರುಗದಿದ್ದರೆ ಆ ಕ್ಷಣವೇ ಆರಿಸಿರಿ.

ಕೊನೆಗೆ ಒಂದು ಮಾತು. ಮುಚ್ಚಳ ಬಿಚ್ಚಿ ನೋಡದೆ ಬೆಲೆ ಹೇಳುವವರಿಗೆ ಹಣ ಎಣಿಸಬೇಡಿ. ಮೊದಲು ಕಿಂಡಿಯ ಮುಂದೆ ಅಂಗೈ ಹಿಡಿಯಿರಿ.